ನಾತಿಚರಾಮಿ ಎಂದ ಮಾತು ಪಹಣಿಗೂ ಬರಲಿ: ಮದುವೆಯಾದವರ, ಮದುವೆ ಮುರಿದವರ, ಮದುವೆಯೇ ಆಗದವರ ಹಕ್ಕೊತ್ತಾಯ ಪತ್ರ

ಇವರಿಗೆ:
ಕರ್ನಾಟಕ ಸರ್ಕಾರದ ಮಾನ್ಯ ಮುಖ್ಯಮಂತ್ರಿಗಳಿಗೆ. ಕಾನೂನು, ಕಂದಾಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗಳ ಸಚಿವರಿಗೆ. ವಿಧಾನಮಂಡಲದ ಎಲ್ಲ ಸದಸ್ಯರಿಗೆ. ಮತ್ತು ನಮ್ಮ ನಮ್ಮ ಮನೆಗಳ ಹಿರಿಯರಿಗೆ.

ಕಳೆದ ಮಾಗಿಯಲ್ಲಿ ಒಂದು ದಿನ ನಮ್ಮ ತಾಲ್ಲೂಕು ಕೋರ್ಟಿನ ಹುಣಸೆಮರದ ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಹಿತ್ತಾಳೆ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಜೀವನಾಂಶ ಕೇಳಿ ಹಾಕಿದ್ದ ಅರ್ಜಿಗೆ ಅವಳ ಗಂಡ ‘ಇವಳು ನನ್ನ ಹೆಂಡತಿಯೇ ಅಲ್ಲ’ ಎಂದು ತಕರಾರು ಸಲ್ಲಿಸಿದ್ದ. ಮದುವೆಯಾದದ್ದಕ್ಕೆ ಏನಾದರೂ ಪುರಾವೆ ತಾ ಎಂದು ವಕೀಲರು ಹೇಳಿ ಕಳಿಸಿದ್ದರು. ಲಗ್ನಪತ್ರಿಕೆ ಒಂದೂ ಉಳಿದಿರಲಿಲ್ಲ. ಫೋಟೊ ಆಲ್ಬಮ್ಮು ಗಂಡನ ಮನೆಯ ಟ್ರಂಕಿನಲ್ಲಿತ್ತು. ಮದುವೆಯಲ್ಲಿ ಉಂಡು ಹೋದ ಪಂಚರು ಸಾಕ್ಷಿ ಹೇಳಲು ಬರಲಿಲ್ಲ. ತವರಿಗೆ ಬರುವಾಗ ಹೊತ್ತು ತಂದಿದ್ದ ಆ ಕೊಡವೊಂದೇ ಅವಳ ಕೈಯಲ್ಲಿದ್ದದ್ದು. ಅದರ ಕಂಠದ ಸುತ್ತ ಪಾತ್ರೆ ಅಂಗಡಿಯವನು ಚುಕ್ಕೆ ಚುಕ್ಕೆಯಾಗಿ ಹೊಡೆದ ಅಕ್ಷರಗಳಿದ್ದವು: ಅವಳ ಹೆಸರು, ಅಪ್ಪನ ಹೆಸರು, ಮದುವೆಯ ತಾರೀಖು. ಹನ್ನೊಂದು ವರ್ಷ ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅರ್ಧ ಅಕ್ಷರ ಸವೆದಿದ್ದವು. ಗಂಡನ ಹೆಸರು ಅದರಲ್ಲಿ ಇರಲೇ ಇಲ್ಲ.

ಆ ಕೊಡವನ್ನು ನಾನು ಬೆಳಕಿಗೆ ಹಿಡಿದು ಓದಿದ್ದೇನೆ. ನಮ್ಮ ಮಹಿಳಾ ಸಂಘದ ಹೆಂಗಸರಿಗೆ ಅರ್ಜಿ ಬರೆದುಕೊಡುವುದು ಎಷ್ಟೋ ವರ್ಷಗಳಿಂದ ನನ್ನ ಪಾಲಿನ ಕೆಲಸ. ಪಡಿತರ ಚೀಟಿಯ ಅರ್ಜಿ, ಪೌತಿ ಖಾತೆಯ ಅರ್ಜಿ, ಠಾಣೆಗೆ ದೂರು, ಎಲ್ಲವನ್ನೂ ಬರೆದಿದ್ದೇನೆ. ಬರೆದ ಬಹುಪಾಲು ಅರ್ಜಿಗಳ ಬುಡದಲ್ಲಿ ಒಂದು ಮದುವೆ ಇರುತ್ತದೆ. ಆದ್ದರಿಂದ ಈ ಪತ್ರವನ್ನೂ ನಾನೇ ಬರೆಯಬೇಕೆಂದು ಸಂಘದಲ್ಲಿ ತೀರ್ಮಾನವಾಯಿತು.

ಬರೆಯುವ ಮೊದಲು ಸಭೆಯಲ್ಲಿ ಕೇಳಿಕೊಂಡೆವು: ಮದುವೆ ಯಾತಕ್ಕೆ? ಅದು ಯಾರನ್ನು ಕಾಯುತ್ತದೆ? “ದಿಕ್ಕು ದೆಸೆ ಬೇಕಲ್ಲವ್ವಾ” ಎಂದರು ಹಿರಿಯರೊಬ್ಬರು. “ಮಕ್ಕಳಿಗೆ ಅಪ್ಪನ ಹೆಸರು ಬೇಕಲ್ಲ” ಎಂದಳು ಇನ್ನೊಬ್ಬಳು. “ಹೊಲ ಹೊರಗಿನವರ ಪಾಲಾಗಬಾರದು ಅಂತ ನನ್ನನ್ನ ಸೋದರಮಾವನಿಗೇ ಕೊಟ್ಟರು” ಎಂದಳು ಮತ್ತೊಬ್ಬಳು. ನಗರಕ್ಕೆ ಹೋಗಿ ಕೆಲಸ ಮಾಡುವ ಹುಡುಗಿ “ಜೊತೆಗೆ ಒಬ್ಬರು ಬೇಕು, ಅಷ್ಟೇ” ಎಂದಳು. ಎಲ್ಲವೂ ನಿಜವೇ. ಆದರೆ ಒಂದೊಂದು ಉತ್ತರವನ್ನೂ ಹಿಡಿದು ‘ಹಾಗಾದರೆ ಸಿಕ್ಕಿತೇ?’ ಎಂದು ಕೇಳುತ್ತ ಹೋದಾಗ ಕಂಡದ್ದು ಬೇರೆ. ಹೊಲ ಉಳಿಯಿತು, ಮನೆತನದ ಹೆಸರು ಉಳಿಯಿತು, ಮಾನ ಉಳಿಯಿತು. ದಿಕ್ಕು ಬೇಕೆಂದು ಹೋದವಳು ಮಾತ್ರ ದಿಕ್ಕಿಲ್ಲದೆ ಕೋರ್ಟಿನ ಕಟ್ಟೆಯ ಮೇಲೆ ಕೂತಳು.

ನಾವು ಮದುವೆಯ ವಿರೋಧಿಗಳಲ್ಲ. ಎಷ್ಟೋ ಮದುವೆಗಳಿಗೆ ನಮ್ಮ ಸಂಘದಿಂದಲೇ ಸಾಲ ಕೊಟ್ಟಿದ್ದೇವೆ, ಹಂದರದಲ್ಲಿ ನಿಂತು ಅಕ್ಕಿಕಾಳು ಹಾಕಿದ್ದೇವೆ. ಧಾರೆಯ ಹೊತ್ತಿನಲ್ಲಿ ಪುರೋಹಿತರು ವರನ ಬಾಯಲ್ಲಿ ‘ನಾತಿಚರಾಮಿ’ ಅನ್ನಿಸುತ್ತಾರೆ. ಧರ್ಮದಲ್ಲಿ, ಅರ್ಥದಲ್ಲಿ, ಕಾಮದಲ್ಲಿ ಇವಳನ್ನು ಮೀರಿ ನಡೆಯುವುದಿಲ್ಲ ಎಂಬ ಮಾತು ಅದು. ನಡುವೆ ಇರುವ ‘ಅರ್ಥ’ ಎಂದರೆ ದುಡ್ಡು, ಆಸ್ತಿ, ಬದುಕಿನ ಬಂಡವಾಳ. ಓಲಗದವರು ಜೋರಾಗಿ ಊದುವುದು ಅದೇ ಹೊತ್ತಿಗಾದ್ದರಿಂದ ಆ ಮಾತು ಯಾರ ಕಿವಿಗೂ ಬೀಳುವುದಿಲ್ಲ. ನಿಕಾಹ್‌ನಲ್ಲಿ ಮೆಹರ್ ಎಷ್ಟೆಂದು ಬರೆಸುವ ಪದ್ಧತಿಯ ಹಿಂದೆಯೂ ಇದೇ ಕಾಳಜಿ ಇದೆ. ಹುಟ್ಟಿದ ಮನೆ, ಊರು, ಎಷ್ಟೋ ಸಲ ಓದು ಮತ್ತು ಕೆಲಸ, ಇಷ್ಟನ್ನೂ ಬಿಟ್ಟು ಬರುವವಳು ಬರಿಗೈಯಲ್ಲಿ ನಿಲ್ಲಬಾರದು ಎಂಬುದಕ್ಕೇ ಹತ್ತು ಜನರ ಮುಂದೆ ಮದುವೆ ಮಾಡುವುದು. ನಮ್ಮ ಬೇಡಿಕೆಗಳೆಲ್ಲ ಈ ಒಂದು ಮಾತಿನಿಂದ ಹುಟ್ಟಿದವು.

‘ಇದು ಕೇಂದ್ರದ ಕಾನೂನು, ನಮ್ಮ ಕೈಯಲ್ಲಿಲ್ಲ’ ಎಂಬ ಉತ್ತರ ಬೇಡ. ಮದುವೆ, ವಿಚ್ಛೇದನ, ಉತ್ತರಾಧಿಕಾರ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿಗೆ ಕಾನೂನು ಮಾಡಿತ್ತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿ ಜಾರಿಗೆ ತಂದಿತು. ಕೇಂದ್ರಕ್ಕೆ ಅದು ಹೊಳೆದದ್ದು 2005ರಲ್ಲಿ. ಮನಸ್ಸಿದ್ದಾಗ ಆಗಿದೆ, ಈಗಲೂ ಆಗುತ್ತದೆ.

1. ನೋಂದಣಿ ಹಂದರದ ಬಾಗಿಲಿಗೇ ಬರಬೇಕು

ಕರ್ನಾಟಕದಲ್ಲಿ ಮದುವೆ ನೋಂದಣಿಗೆ 1976ರ ಕಾನೂನಿದೆ. ಎಲ್ಲ ಮದುವೆಗಳೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟು 2006ರಲ್ಲಿ ದೇಶಕ್ಕೇ ಹೇಳಿತು. ಆದರೂ ನಮ್ಮ ಕಡೆ ನೋಂದಣಿ ಮಾಡಿಸುವವರು ಪಾಸ್‌ಪೋರ್ಟು ಬೇಕಾದವರು, ವಿದೇಶಕ್ಕೆ ಹೋಗುವವರು, ಓಡಿಬಂದು ಮದುವೆಯಾದವರು. ಅದು ಅತಿಹೆಚ್ಚು ಬೇಕಿರುವವಳಿಗೆ ಸಬ್ ರಿಜಿಸ್ಟ್ರಾರ್ ಕಚೇರಿ ಎಲ್ಲಿದೆ ಎಂಬುದೂ ಗೊತ್ತಿಲ್ಲ.

ಜನನ, ಮರಣ ಬರೆದುಕೊಳ್ಳುವಷ್ಟು ಸಲೀಸಾಗಿ, ಮದುವೆಯಾದ ದಿನವೇ, ಮಂಟಪದಲ್ಲೇ ಬರೆದುಕೊಳ್ಳುವ ಏರ್ಪಾಡು ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಇರಬೇಕು. ಶುಲ್ಕ ಬೇಡ. ಪ್ರಮಾಣಪತ್ರದ ಎರಡು ಪ್ರತಿ ಮಾಡಿ, ಒಂದನ್ನು ಹೆಣ್ಣಿನ ಕೈಗೇ ಕೊಡಬೇಕು, ಮಾವನ ಕೈಗಲ್ಲ. ಸಾಮೂಹಿಕ ವಿವಾಹಗಳಲ್ಲಿ ಊಟದ ಪಂಕ್ತಿ ಏಳುವ ಮೊದಲು ಈ ಕೆಲಸ ಮುಗಿಯಬೇಕು. ಜೊತೆಗೆ ಇನ್ನೊಂದು ಮಾತು: ನೋಂದಣಿ ಆಗಿಲ್ಲ ಎಂಬ ಕಾರಣಕ್ಕೆ ಯಾವ ಹೆಂಡತಿಯ ಹಕ್ಕನ್ನೂ ಯಾವ ಕಚೇರಿಯೂ ತಳ್ಳಿಹಾಕಬಾರದು. ಬರೆಯದೆ ಬಿಟ್ಟ ತಪ್ಪು ಎರಡೂ ಮನೆಯವರದು. ಅದರ ದಂಡವನ್ನು ಅವಳೊಬ್ಬಳೇ ಕಟ್ಟುತ್ತಿದ್ದಾಳೆ.

2. ಕೊಟ್ಟದ್ದರ ಪಟ್ಟಿ

ಮದುವೆಯಲ್ಲಿ ಹೆಣ್ಣಿಗೆ, ಗಂಡಿಗೆ ಬಂದ ಉಡುಗೊರೆಗಳ ಪಟ್ಟಿ ಮಾಡಿ ಸಹಿ ಹಾಕಿಸಬೇಕೆಂದು 1985ರ ನಿಯಮ ಹೇಳುತ್ತದೆ. ನಾನು ಕಂಡ ಒಂದು ಮದುವೆಯಲ್ಲೂ ಯಾರೂ ಆ ಪಟ್ಟಿ ಮಾಡಿದ್ದಿಲ್ಲ. ಮುಯ್ಯಿ ಎಷ್ಟು ಬಂತೆಂದು ಬರೆಯುವ ಪುಸ್ತಕ ಮಾತ್ರ ಎಲ್ಲ ಮದುವೆಯಲ್ಲೂ ಇರುತ್ತದೆ! ಆ ಪುಸ್ತಕದ ಪಕ್ಕದಲ್ಲೇ ಇದೂ ಇರಲಿ. ನೋಂದಣಿಯ ನಮೂನೆಗೆ ಈ ಪಟ್ಟಿಯನ್ನು ಲಗತ್ತಿಸುವುದನ್ನು ಕಡ್ಡಾಯ ಮಾಡಿ. ವರದಕ್ಷಿಣೆಯಾಗಿ ಕೊಟ್ಟದ್ದೂ ಕಡೆಗೆ ಹೆಣ್ಣಿಗೇ ಸೇರಬೇಕು, ಬೇರೆಯವರ ಕೈಯಲ್ಲಿದ್ದರೆ ಮೂರು ತಿಂಗಳೊಳಗೆ ಅವಳಿಗೆ ಒಪ್ಪಿಸಬೇಕು ಎಂದು 1961ರ ವರದಕ್ಷಿಣೆ ನಿಷೇಧ ಕಾನೂನಿನಲ್ಲೇ ಇದೆ. ಮನೆ ಬಿಟ್ಟು ಬರುವ ಹೆಣ್ಣು ತನ್ನ ಒಡವೆ, ಪಾತ್ರೆ, ಓದಿನ ಪ್ರಮಾಣಪತ್ರ, ಆಧಾರ್ ಕಾರ್ಡು ತರಲು ಹೋಗುವಾಗ ಮಹಿಳಾ ಪೊಲೀಸರು ಜೊತೆಗೆ ಹೋಗುವುದು ಅವರ ಕರ್ತವ್ಯವೆಂದು ಲಿಖಿತ ಆದೇಶ ಬರಲಿ.

3. ಮದುವೆಯಾದ ಮೇಲೆ ಮಾಡಿದ ಆಸ್ತಿ ಇಬ್ಬರದು

ಇದು ನಮ್ಮ ಬೇಡಿಕೆಗಳ ನಡುಗಂಬ.

ನಮ್ಮ ಸಂಘದ ಒಬ್ಬ ಸದಸ್ಯೆಯ ಮನೆಗೆ ಹೋಗಿ ಪಹಣಿ ನೋಡಿದೆ. ಎರಡು ಎಕರೆ ಹದಿನಾಲ್ಕು ಗುಂಟೆ. ಮದುವೆಯಾಗಿ ಆರು ವರ್ಷಕ್ಕೆ, ಇವಳ ಬೋರಮಾಳ ಸರ ಒತ್ತೆಯಿಟ್ಟು ಕೊಂಡ ಹೊಲ. ಒಂಬತ್ತನೇ ಕಾಲಂನಲ್ಲಿ ಗಂಡನ ಹೆಸರು. ಸಾಗುವಳಿ ಮಾಡುವವರ ಹೆಸರು ಬರೆಯುವ ಹನ್ನೆರಡನೇ ಕಾಲಂನಲ್ಲೂ ಗಂಡನ ಹೆಸರೇ. ಮೆಕ್ಕೆಜೋಳ ಬಿತ್ತಿದವಳು, ಕಳೆ ತೆಗೆದವಳು, ತೆನೆ ಮುರಿದವಳು ಇವಳು. ಗಂಡ ಹಾವೇರಿಯಲ್ಲಿ ಲಾರಿ ಓಡಿಸುತ್ತಾನೆ. ನಾಳೆ ಅವನು ಆ ಹೊಲ ಮಾರಿದರೆ ಇವಳನ್ನು ಒಂದು ಮಾತೂ ಕೇಳಬೇಕಿಲ್ಲ.

ಮನೆಯೊಳಗಿನ ದುಡಿಮೆಯ ಲೆಕ್ಕ ಕೇಂದ್ರ ಸರ್ಕಾರದ ಬಳಿಯೇ ಇದೆ. 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಾರೆ, ಗಂಡಸರು 97 ನಿಮಿಷ. ಅದೂ ಕೈಹಾಕುವ ಗಂಡಸರೇ ನಾಲ್ವರಲ್ಲಿ ಒಬ್ಬರು. ಈ ದುಡಿಮೆಗೆ ನ್ಯಾಯಾಲಯಗಳು ಬೆಲೆ ಕಟ್ಟಿಲ್ಲವೆಂದಲ್ಲ. ಜಮ್‌ಶೆಡ್‌ಪುರದ ಬೆಂಕಿ ಅನಾಹುತದಲ್ಲಿ ಸತ್ತ ಗೃಹಿಣಿಯರ ದುಡಿಮೆಯನ್ನು 2001ರಲ್ಲಿ ಸುಪ್ರೀಂ ಕೋರ್ಟು ತಿಂಗಳಿಗೆ 3,000 ರೂಪಾಯಿ ಎಂದು ಎಣಿಸಿತು. ರಸ್ತೆ ಅಪಘಾತದ ಪ್ರಕರಣವೊಂದರಲ್ಲಿ 2021ರ ಜನವರಿಯಲ್ಲಿ ಮನೆಗೆಲಸಕ್ಕೂ ಆದಾಯ ಲೆಕ್ಕ ಹಾಕಲೇಬೇಕೆಂದು ಮತ್ತೆ ಹೇಳಿತು. ಈ ಎಲ್ಲ ಲೆಕ್ಕವೂ ಅವಳು ಸತ್ತ ಮೇಲೆ, ಗಂಡನಿಗೆ, ಮಕ್ಕಳಿಗೆ ಪರಿಹಾರ ಕೊಡಲು. ಬದುಕಿರುವ ಹೆಂಡತಿಯ ಕೈಗೆ ಅದೇ ಲೆಕ್ಕದಲ್ಲಿ ಏನಾದರೂ ಬರಬೇಕೆಂದು ಯಾವ ಶಾಸನವೂ ಹೇಳುವುದಿಲ್ಲ. 2023ರಲ್ಲಿ ಮದ್ರಾಸ್ ಹೈಕೋರ್ಟು ಗಂಡ ಕೊಂಡ ಆಸ್ತಿಯಲ್ಲಿ ಮನೆ ನೋಡಿಕೊಂಡ ಹೆಂಡತಿಗೂ ಪಾಲಿದೆ ಎಂದು ತೀರ್ಪು ಕೊಟ್ಟಿತು. ಅಂಥ ಮಾತು ಒಂದು ತೀರ್ಪಿನಲ್ಲಿ ನಿಂತುಬಿಡಬಾರದು, ಶಾಸನವಾಗಬೇಕು.

ದೂರ ಹೋಗುವುದೇ ಬೇಡ. ಕಾರವಾರದಲ್ಲಿ ಕಾಳಿ ಸೇತುವೆ ದಾಟಿ, ಮಾಜಾಳಿಯ ತನಿಖಾ ಠಾಣೆ ದಾಟಿದರೆ ಗೋವಾ. ಅಲ್ಲಿ ಪೋರ್ಚುಗೀಸರ 1867ರ ಸಂಹಿತೆ ಇಂದಿಗೂ ನಡೆಯುತ್ತಿದೆ; ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡಹೆಂಡಿರ ಆಸ್ತಿ ಇಬ್ಬರಿಗೂ ಅರ್ಧರ್ಧ. ಹೆಂಡತಿಯ ಒಪ್ಪಿಗೆಯಿಲ್ಲದೆ ಗಂಡ ಮನೆ, ಜಮೀನು ಮಾರುವಂತಿಲ್ಲ. ಒಂದು ಹೊಳೆಯ ಆಚೆಗಿರುವ ನ್ಯಾಯ ಈಚೆಗೆ ಏಕಿಲ್ಲ?

ಈ ನ್ಯಾಯ ಇಲ್ಲದ್ದರ ಪೆಟ್ಟು ಗಂಡುಮಕ್ಕಳಿಗೂ ಬೀಳುತ್ತಿದೆ. 2023ರ ಫೆಬ್ರುವರಿಯಲ್ಲಿ ಮದ್ದೂರು ಕಡೆಯ ಮದುವೆಯಾಗದ ರೈತ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅದನ್ನು ಓದಿ ನಕ್ಕವರಿದ್ದಾರೆ. ನಮಗೆ ಸಂಕಟವಾಯಿತು, ಅವರೂ ನಮ್ಮ ಅಣ್ಣತಮ್ಮಂದಿರೇ. ಆದರೆ ಅವರಿಗೆ ಒಂದು ಮಾತು ಹೇಳಬೇಕಾಗಿದೆ. ಹೆಣ್ಣು ಸಿಗದಿರುವುದರಲ್ಲಿ ಹೆಣ್ಣು ಭ್ರೂಣಗಳನ್ನು ಕೊಂದ ಪಾಪದ ಪಾಲಿದೆ, ಅದು ಸರಿ. ಜೊತೆಗೆ, ನಿಮ್ಮ ಊರಿನ ಹುಡುಗಿಯರು ತಮ್ಮ ತಾಯಂದಿರನ್ನು ನೋಡಿಕೊಂಡೇ ಬೆಳೆದವರು. ಹೊಲಕ್ಕೆ ಕೊಟ್ಟರೆ ಹೊಲದ ಕೆಲಸ ಸಿಗುತ್ತದೆ, ಹೊಲ ಸಿಗುವುದಿಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಪಹಣಿಯಲ್ಲಿ ಹೆಂಡತಿಯ ಹೆಸರು ಬರೆಯುವ ಊರಿಗೆ ಸೊಸೆಯಾಗಿ ಹೋಗಲು ನಮ್ಮ ಹೆಣ್ಣುಮಕ್ಕಳೇ ಮೊದಲು ಒಪ್ಪುತ್ತಾರೆ.

ಆದ್ದರಿಂದ: ಮದುವೆಯ ನಂತರ ದುಡಿಮೆಯಿಂದ ಕೊಂಡ ಮನೆ, ನಿವೇಶನ, ಜಮೀನು, ಠೇವಣಿ ಯಾರ ಹೆಸರಿನಲ್ಲಿದ್ದರೂ ಇಬ್ಬರದೆಂದು ರಾಜ್ಯವು ಕಾನೂನು ಮಾಡಬೇಕು. ಮಾರಲು, ಅಡವಿಡಲು ಇಬ್ಬರ ಸಹಿ ಬೇಕು. ಪಹಣಿಗೆ, ಖಾತೆಗೆ ಹೆಂಡತಿಯ ಹೆಸರು ಸೇರಿಸಲು ಒಂದು ರೂಪಾಯಿಯೂ ಶುಲ್ಕ ಇರಬಾರದು. ಹೆಂಡತಿಯೇ ದುಡಿದು ಗಂಡ ಮನೆ ನೋಡಿಕೊಂಡಿದ್ದರೆ ಅವನಿಗೂ ಇದೇ ನ್ಯಾಯ.

4. ಜೀವನಾಂಶ ಕೈಗೆ ಬರಬೇಕು

ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, 2024ರ ಜುಲೈನಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ಸಂಖ್ಯೆ ಬದಲಾಯಿತು, ವಾಯಿದೆ ಬದಲಾಗಲಿಲ್ಲ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದಷ್ಟು ಮಟ್ಟಿಗೆ, ನೋಟಿಸು ಮುಟ್ಟಿದ 60 ದಿನದೊಳಗೆ ತೀರಿಸಬೇಕೆಂದು 2001ರಿಂದ ಕಾನೂನಿನಲ್ಲಿದೆ. ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಆ ಎರಡು ಪದಗಳ ಸಂದಿಯಲ್ಲಿ ನಮ್ಮ ಹೆಂಗಸರ ವರ್ಷಗಳು ಕಳೆದುಹೋಗಿವೆ. ನೋಟಿಸು ಮುಟ್ಟದ ಹಾಗೆ ಗಂಡ ಊರು ಬದಲಿಸುತ್ತಾನೆ. ಆದೇಶವಾದರೂ ದುಡ್ಡು ಕಟ್ಟುವುದಿಲ್ಲ. ಬಾಕಿ ವಸೂಲಿಗೆ ಒಂದು ವರ್ಷದೊಳಗೆ ಮತ್ತೆ ಅರ್ಜಿ ಹಾಕಬೇಕು. ಹಾಕದಿದ್ದರೆ ಆ ಬಾಕಿ ಹೋಯಿತು. ಬಸ್ಸಿಗೆ ದುಡ್ಡಿಲ್ಲದೆ ವಾಯಿದೆ ತಪ್ಪಿಸಿಕೊಂಡವಳ ಅರ್ಜಿ ವಜಾ ಆದದ್ದನ್ನು ನಾನು ಕಂಡಿದ್ದೇನೆ. ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಚಿಂತೆ ತಪ್ಪಿದೆ. ಆ ದಿನದ ಕೂಲಿಯ ಚಿಂತೆ ತಪ್ಪಿಲ್ಲ.

ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯದ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕವಾಗಬೇಕು ಎಂದು 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಈ ಕಲಮಿನ ಹಕ್ಕಿದೆ ಎಂದು 2024ರ ಜುಲೈನಲ್ಲಿ ಸ್ಪಷ್ಟಪಡಿಸಿದೆ. ಉಳಿದದ್ದು ಕೊಡಿಸುವ ಕೆಲಸ. ಸರ್ಕಾರ ಒಂದು ಜೀವನಾಂಶ ನಿಧಿ ಮಾಡಲಿ. ಆದೇಶವಾದ ತಿಂಗಳಿನಿಂದಲೇ ಹೆಣ್ಣಿನ ಬ್ಯಾಂಕ್ ಖಾತೆಗೆ ಆ ನಿಧಿಯಿಂದ ಹಣ ಹೋಗಲಿ. ಭೂಕಂದಾಯ ಬಾಕಿ ವಸೂಲು ಮಾಡುವ ಹಾಗೆ ಸರ್ಕಾರವೇ ಗಂಡನಿಂದ ವಸೂಲು ಮಾಡಿಕೊಳ್ಳಲಿ. ತಹಶೀಲ್ದಾರರ ನೋಟಿಸು ಯಾರನ್ನಾದರೂ ಹುಡುಕಿಕೊಂಡು ಹೋಗಿ ಮುಟ್ಟುತ್ತದೆ ಎಂಬುದು ಊರಿಗೆಲ್ಲ ಗೊತ್ತು.

5. ಬಿಟ್ಟು ಬಂದವಳಿಗೆ ಬೇರೆ ಪಡಿತರ ಚೀಟಿ

ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಹೋಗುವುದು ಪಡಿತರ ಚೀಟಿಯಲ್ಲಿರುವ ಮನೆಯ ಯಜಮಾನಿಗೆ. ಗಂಡನ ಮನೆಯ ಚೀಟಿಯಲ್ಲಿ ಯಜಮಾನಿ ಅತ್ತೆ; ತವರಿನ ಚೀಟಿಯಲ್ಲಿ ಅಮ್ಮ ಅಥವಾ ಅತ್ತಿಗೆ. ಎರಡು ಮಕ್ಕಳ ಕೈಹಿಡಿದು ನಡುವೆ ನಿಂತವಳು ಯಾವ ಮನೆಯ ಯಜಮಾನಿಯೂ ಅಲ್ಲ. ಅವಳ ಹೆಸರನ್ನು ಹಳೆಯ ಚೀಟಿಯಿಂದ ತೆಗೆಸಲು ಗಂಡನ ಮನೆಯವರ ಮರ್ಜಿ ಕಾಯುವ ಸ್ಥಿತಿ ಹೋಗಬೇಕು. ವಿಚ್ಛೇದನದ ಡಿಕ್ರಿ ಕೇಳಬೇಡಿ. ಗ್ರಾಮ ಆಡಳಿತ ಅಧಿಕಾರಿ ಬಂದು ನೋಡಿ, ಅಕ್ಕಪಕ್ಕದವರನ್ನು ಕೇಳಿ, 15 ದಿನದಲ್ಲಿ ಚೀಟಿ ಕೊಡಲಿ. ಮನಸ್ವಿನಿ ಪಿಂಚಣಿ ಯೋಜನೆಯಲ್ಲಿ ಇರುವ 40 ವರ್ಷದ ವಯಸ್ಸಿನ ಕಟ್ಟು ವಿಚ್ಛೇದಿತರಿಗೆ, ಗಂಡ ಬಿಟ್ಟವರಿಗೆ ಬೇಡ. ಇಪ್ಪತ್ತಾರಕ್ಕೆ ಗಂಡ ಕೈಬಿಟ್ಟವಳು ಹದಿನಾಲ್ಕು ವರ್ಷ ಹೇಗೆ ಕಾಯಬೇಕು?

6. ಏಟಿಗೆ ಮದುವೆಯ ಪರವಾನಗಿ ಇಲ್ಲ

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇಕಡಾ 44.4 ಮಂದಿ ಗಂಡನಿಂದ ಹಿಂಸೆ ಉಂಡವರು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ 20.6 ಇತ್ತು. ಸಮೀಕ್ಷೆಯವರ ಮುಂದೆ ಬಾಯಿಬಿಡುವ ಧೈರ್ಯ ಹೆಚ್ಚಿರಬಹುದು ಎಂದು ಸಮಾಧಾನ ಹೇಳುವವರಿದ್ದಾರೆ. ಹಾಗಿದ್ದರೂ ಮನೆ ಮನೆಯಲ್ಲಿ ನಡೆಯುತ್ತಿರುವುದು ಇದೇ ಅಲ್ಲವೇ?

2005ರ ಕೌಟುಂಬಿಕ ಹಿಂಸೆ ತಡೆ ಕಾನೂನು ಹೆಣ್ಣಿಗೆ ತಾನು ಬಾಳಿದ ಮನೆಯಲ್ಲೇ ಇರುವ ಹಕ್ಕು ಕೊಟ್ಟಿದೆ. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಆ ಹಕ್ಕು ಇರಬಲ್ಲದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ತಾಲ್ಲೂಕಿನಲ್ಲಿ ಈ ಕಾನೂನಿನ ಸಂರಕ್ಷಣಾಧಿಕಾರಿ ಯಾರು? ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ). ಅಂಗನವಾಡಿ, ಪೌಷ್ಟಿಕ ಆಹಾರ, ಸಭೆ, ವರದಿ, ಇವೆಲ್ಲದರ ನಡುವೆ ಅವರಿಗೆ ಇದೂ ಒಂದು. ಇದೊಂದೇ ಕೆಲಸ ಮಾಡುವ ಅಧಿಕಾರಿ ಪ್ರತಿ ತಾಲ್ಲೂಕಿಗೂ ಬೇಕು, ಓಡಾಡಲು ವಾಹನ ಸಮೇತ.

ಮತ್ತು, ಹೇಳಲು ನಾಲಗೆ ತಡೆಯುವ ಮಾತನ್ನೂ ಇಲ್ಲಿ ಬರೆಯುತ್ತೇವೆ. ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲಿ ಗಂಡನಿಗೆ ಇರುವ ವಿನಾಯಿತಿ ಹೋಗಬೇಕು. ಅತ್ಯಾಚಾರ ಮಾಡಿದವನು ಗಂಡನಾದರೂ ಅದು ಅತ್ಯಾಚಾರವೇ ಎಂದು 2022ರ ಮಾರ್ಚಿನಲ್ಲಿ ನಮ್ಮ ಹೈಕೋರ್ಟೇ ಹೇಳಿದೆ. ತಾಳಿ ಕಟ್ಟಿಸಿಕೊಂಡ ದಿನ ಒಪ್ಪಿದ್ದು ಜೀವಮಾನದ ಪ್ರತಿ ರಾತ್ರಿಗೂ ಒಪ್ಪಿದ್ದಲ್ಲ. ಸಭೆಯಲ್ಲಿ ಈ ವಿಷಯ ಬಂದಾಗ ಯಾರೂ ಮಾತಾಡಲಿಲ್ಲ. ಸಹಿ ಮಾತ್ರ ಎಲ್ಲರೂ ಹಾಕಿದರು.

7. ಬಾಲ್ಯವಿವಾಹ ಅಸಿಂಧು ಎಂದಿರಿ. ಆ ಹುಡುಗಿಯ ಗತಿ ಏನು?

2016ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಒಳ್ಳೆಯ ಹೆಜ್ಜೆ. ಆದರೂ ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡಾ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಹದಿನಾರಕ್ಕೆ ಮದುವೆಯಾಗಿ ಹದಿನೇಳಕ್ಕೆ ಮಗು ಎತ್ತಿಕೊಂಡವಳಿಗೆ ‘ನಿನ್ನ ಮದುವೆ ಮದುವೆಯೇ ಅಲ್ಲ’ ಎಂದರೆ ಅದು ಯಾರಿಗೆ ಅನುಕೂಲ? ಕೈತೊಳೆದುಕೊಂಡು ಹೋಗಲು ಹುಡುಗನಿಗೆ. ಮದುವೆ ಅಸಿಂಧುವಾದರೂ ಜೀವನಾಂಶ, ಇರಲು ಜಾಗ, ಮಗುವಿನ ಹಕ್ಕು, ನಿಂತುಹೋದ ಓದು, ಈ ನಾಲ್ಕೂ ಅವಳಿಗೆ ಸಲ್ಲುತ್ತವೆ ಎಂದು ಕಾನೂನಿನಲ್ಲಿ ಬಿಡಿಸಿ ಬರೆಯಿರಿ. ಪೋಕ್ಸೊ ಪ್ರಕರಣವಾಗುತ್ತದೆ ಎಂಬ ಭಯಕ್ಕೆ ಬಸುರಿ ಹುಡುಗಿಯರನ್ನು ಆಸ್ಪತ್ರೆಗೆ ತೋರಿಸದೆ ಮನೆಯಲ್ಲೇ ಬಚ್ಚಿಡುತ್ತಿದ್ದಾರೆ. ಪೊಲೀಸರಿಗಿಂತ ಮೊದಲು ಅವಳ ಬಳಿ ದಾದಿ ಹೋಗುವಂಥ ಏರ್ಪಾಡು ಮಾಡಿ.

8. ಉಡಿಕೆಯಾದವರು, ಎರಡನೆಯವಳು, ಅವರ ಮಕ್ಕಳು

ನಮ್ಮ ಅನೇಕ ಜಾತಿಗಳಲ್ಲಿ ವಿಧವೆಗೆ, ಗಂಡ ಬಿಟ್ಟವಳಿಗೆ ಉಡಿಕೆ ಮಾಡುತ್ತಾರೆ. ಸೀರೆ ಉಡಿಸಿ, ಬಳೆ ತೊಡಿಸಿ, ನಾಲ್ಕು ಜನರೆದುರು ಮನೆ ತುಂಬಿಸಿಕೊಳ್ಳುವುದು. ಮಂತ್ರವಿಲ್ಲ, ಪತ್ರಿಕೆಯಿಲ್ಲ, ಫೋಟೊ ಇಲ್ಲ. ರೂಢಿಯ ಮದುವೆಗೆ 1955ರ ಹಿಂದೂ ವಿವಾಹ ಕಾನೂನಿನಲ್ಲಿ ಮನ್ನಣೆಯಿದೆ. ಆದರೆ ಮೊದಲ ಸಂಬಂಧ ಮುರಿದದ್ದು ಪಂಚರ ಮುಂದೆ ಬರೆದ ಬಿಡುಗಡೆಯ ಸೋಡಚೀಟಿಯಿಂದಾಗಿದ್ದರೆ, ಆ ರೂಢಿ ತನ್ನ ಜಾತಿಯಲ್ಲಿದೆ ಎಂದು ಸಾಬೀತು ಮಾಡುವ ಭಾರ ಅವಳ ತಲೆಯ ಮೇಲೆ. ಯಾವ ಯಾವ ಸಮುದಾಯಗಳಲ್ಲಿ ಈ ರೂಢಿಗಳಿವೆ ಎಂದು ಸರ್ಕಾರವೇ ದಾಖಲಿಸಿ ಪ್ರಕಟಿಸಲಿ. ಉಡಿಕೆಯೂ ಪಂಚಾಯಿತಿಯಲ್ಲಿ ನೋಂದಣಿಯಾಗಲಿ.

ಮೊದಲ ಮದುವೆ ಮುಚ್ಚಿಟ್ಟು ಕಟ್ಟಿಕೊಂಡ ಎರಡನೆಯವಳಿಗೂ ಜೀವನಾಂಶ ಕೊಡಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಸಿಂಧು ಮದುವೆಯ ಮಕ್ಕಳಿಗೆ ತಂದೆತಾಯಿಯ ಪಾಲಿನಲ್ಲಿ ಹಕ್ಕಿದೆ ಎಂಬ 2023ರ ಸೆಪ್ಟೆಂಬರ್ 1ರ ತೀರ್ಪು ಬಂದದ್ದು ಕರ್ನಾಟಕದ ಮೊಕದ್ದಮೆಯಲ್ಲೇ. ಆದರೂ ವಂಶವೃಕ್ಷ ಮಾಡಿಸಲು ಹೋದರೆ ಆ ಮಕ್ಕಳ ಹೆಸರು ಬಿಟ್ಟೇ ಬರೆಯುತ್ತಾರೆ. ತೀರ್ಪಿನ ಸಾರವನ್ನು ಸುತ್ತೋಲೆ ಮಾಡಿ ಪ್ರತಿ ನಾಡಕಚೇರಿಗೂ ಕಳಿಸಿ.

9. ಹಕ್ಕು ಬಿಡುಗಡೆಗೆ ಮೊದಲು ಅವಳನ್ನು ಒಂಟಿಯಾಗಿ ಕೇಳಿ

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬುದು ಗಾದೆ. 1994ರ ನಮ್ಮ ರಾಜ್ಯದ ತಿದ್ದುಪಡಿಯೂ ಅದೇ ಗಾದೆ ನಂಬಿ, ಆ ಹೊತ್ತಿಗೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಗೆರೆ ಅಳಿಸಿತು. ಆ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾಗದದ ಮೇಲೆ ಗೆದ್ದೆವು. ಈಗ ಪಂಚಮಿಗೆ ತವರಿಗೆ ಬಂದ ತಂಗಿಯನ್ನು ಅಣ್ಣ ಕಾರಿನಲ್ಲಿ ಕೂರಿಸಿಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುತ್ತಾನೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ, ಸೀರೆ ಕೊಡಿಸಿ, ಬಸ್ಸು ಹತ್ತಿಸುತ್ತಾನೆ. ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ. ಗಂಡನ ಮನೆಯಲ್ಲಿ ಏನಾದರೂ ಆದರೆ ಮರಳಿ ಬರಲು ಇರುವುದು ಅದೊಂದೇ ಬಾಗಿಲು.

ಇಂಥ ಪತ್ರ ನೋಂದಾಯಿಸುವ ಮೊದಲು ಅಧಿಕಾರಿಯು ಅವಳನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಬಿಟ್ಟುಕೊಡುತ್ತಿರುವ ಆಸ್ತಿಯ ಸರ್ಕಾರಿ ಬೆಲೆ ಎಷ್ಟೆಂದು ಓದಿ ಹೇಳಬೇಕು. 30 ದಿನ ಬಿಟ್ಟು ಮತ್ತೆ ಬರಲು ಹೇಳಬೇಕು. ಅಣ್ಣಂದಿರೇ, ನಿಮ್ಮ ಮೇಲೆ ನಮಗೆ ಹಗೆಯಿಲ್ಲ. ಅರಿಸಿನ ಕುಂಕುಮಕ್ಕೆಂದು ಮಗಳಿಗೆ ಹೊಲ ಬರೆದುಕೊಟ್ಟ ಅಪ್ಪಂದಿರು ಇದೇ ನಾಡಿನಲ್ಲಿ ಇದ್ದರು.

10. ಒಲಿದವರ ಮನೆಗೆ ನೋಟಿಸು ಬೇಡ

ಮೂವತ್ತು ದಿನ ನೋಟಿಸು ಅಂಟಿಸುವ ನಿಯಮ 1954ರ ವಿಶೇಷ ವಿವಾಹ ಕಾನೂನಿನಲ್ಲಿದೆ. ಜಾತಿ, ಧರ್ಮ ದಾಟಿ ಮದುವೆಯಾಗುವವರ ಹೆಸರು, ವಿಳಾಸ ಕಚೇರಿಯ ಗೋಡೆಯ ಮೇಲೆ! ಅದು ಕೊಲ್ಲುವವರಿಗೆ ದಾರಿ ತೋರಿಸುವ ಫಲಕ. ನೋಟಿಸು ಪ್ರಕಟಿಸುವುದು ಜೋಡಿಯ ಇಚ್ಛೆಗೆ ಬಿಟ್ಟದ್ದೆಂದು 2021ರಲ್ಲಿ ಅಲಹಾಬಾದ್ ಹೈಕೋರ್ಟು ಹೇಳಿದ ಹಾದಿಯಲ್ಲೇ ಕರ್ನಾಟಕವೂ ತಿದ್ದುಪಡಿ ತರಲಿ. ಇಂಥ ಜೋಡಿಗಳಿಗೆ ಜಿಲ್ಲೆಗೊಂದು ವಿಶೇಷ ಘಟಕ, ಸುರಕ್ಷಿತ ವಸತಿ ಇರಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ನಮ್ಮ ಜಿಲ್ಲೆಯ ಘಟಕದ ಬಾಗಿಲು ಎಲ್ಲಿದೆ ಎಂದು ತೋರಿಸಿ. ಶರಣರಾದ ಹರಳಯ್ಯ, ಮಧುವರಸರ ಮಕ್ಕಳು ಜಾತಿ ದಾಟಿ ಮದುವೆಯಾದದ್ದಕ್ಕೆ ಕಲ್ಯಾಣವೇ ಹೊತ್ತಿ ಉರಿದ ಕಥೆಯನ್ನು ಶಾಲೆಯಲ್ಲಿ ಕಲಿಸುತ್ತೀರಿ. ಎಂಟುನೂರು ವರ್ಷದ ಮೇಲೂ ಆ ಬೆಂಕಿ ಆರಿಲ್ಲ.

11. ಗಂಡ ಸತ್ತ ಮರುದಿನ

ಪೌತಿ ಖಾತೆಗೆ ಹೆಂಡತಿ ಅರ್ಜಿ ಹಾಕುವ ತನಕ ಕಾಯಬೇಡಿ. ಮರಣ ದಾಖಲಾದ ಕೂಡಲೇ ಗ್ರಾಮ ಆಡಳಿತ ಅಧಿಕಾರಿ ಅವಳ ಮನೆಗೆ ಬರಲಿ. ಮೈದುನರು ವಂಶವೃಕ್ಷದಲ್ಲಿ ಅವಳ ಹೆಸರು ಬಿಡಿಸಲು ಮೂರು ದಿನ ಸಾಕು. ಆತ್ಮಹತ್ಯೆ ಮಾಡಿಕೊಂಡ ರೈತನ ಕುಟುಂಬಕ್ಕೆ ಕೊಡುವ 5 ಲಕ್ಷ ಪರಿಹಾರ ಹೆಂಡತಿಯ ಒಂಟಿ ಖಾತೆಗೇ ಹೋಗಲಿ.

ಇನ್ನೊಂದು, ಇದಕ್ಕೆ ಸರ್ಕಾರದ ದುಡ್ಡು ಬೇಡ. ಬೆಳಗಾವಿ ಗಡಿಗೆ ಹತ್ತಿರದ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ 2022ರ ಮೇ ತಿಂಗಳಲ್ಲಿ ಒಂದು ಠರಾವು ಮಾಡಿತು: ಗಂಡ ಸತ್ತವಳ ಕುಂಕುಮ ಅಳಿಸುವುದು, ಬಳೆ ಒಡೆಯುವುದು, ತಾಳಿ ತೆಗೆಸುವುದು ಇನ್ನು ನಮ್ಮೂರಲ್ಲಿ ಇಲ್ಲ ಎಂದು. ಅದೇ ಠರಾವನ್ನು ನಮ್ಮ ಪ್ರತಿ ಗ್ರಾಮಸಭೆಯೂ ಮಾಡಲಿ. ಕುಂಕುಮ ನಾವು ಹುಟ್ಟಿದಾಗಿನಿಂದ ಇಟ್ಟುಕೊಂಡದ್ದು, ಗಂಡ ತಂದುಕೊಟ್ಟದ್ದಲ್ಲ.

12. ಮದುವೆಯಾಗದವರ ಪರವಾಗಿ

ಮದುವೆಯ ಬಾಗಿಲಿನಿಂದ ಬಂದವರಿಗೆ ಮಾತ್ರ ರಕ್ಷಣೆ ಎಂದಾದರೆ ಹೊರಗೆ ಉಳಿದವರು ಯಾರು? ಒಲ್ಲೆ ಎಂದವರು. ಅಂಗವೈಕಲ್ಯದ ಕಾರಣಕ್ಕೆ ಯಾರೂ ಕೇಳಿಬಾರದವರು. ದೇವರಿಗೆ ಬಿಟ್ಟವರು, 1982ರಲ್ಲೇ ದೇವದಾಸಿ ಸಮರ್ಪಣೆ ನಿಷೇಧಿಸಿದ ರಾಜ್ಯದಲ್ಲಿ ಅವರ ಮಕ್ಕಳು ಇಂದಿಗೂ ‘ತಂದೆಯ ಹೆಸರು’ ಎಂಬ ಕಾಲಂನ ಮುಂದೆ ತಡವರಿಸುತ್ತಾರೆ. ಒಂದೇ ಲಿಂಗದ ಜೋಡಿಗಳು. ಅವರ ಮದುವೆಗೆ ಮಾನ್ಯತೆ ಕೊಡುವುದು ತನ್ನ ಕೆಲಸವಲ್ಲವೆಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿಬಿಟ್ಟಿತು. ಆಸ್ಪತ್ರೆಯಲ್ಲಿ ಸಹಿ ಹಾಕುವ ಹಕ್ಕು, ಪಡಿತರ ಚೀಟಿ, ವಿಮೆಯ ನಾಮಿನಿ, ಬಾಡಿಗೆ ಮನೆಯಲ್ಲಿ ಮುಂದುವರಿಯುವ ಹಕ್ಕು, ಇವಿಷ್ಟನ್ನು ‘ನನಗೆ ಆಪ್ತರು ಇವರು’ ಎಂದು ಒಬ್ಬ ವ್ಯಕ್ತಿ ಬರೆದುಕೊಟ್ಟ ಮಾತಿನ ಮೇಲೆ ರಾಜ್ಯ ಸರ್ಕಾರ ಒಪ್ಪಿಕೊಳ್ಳಲಿ. ಎಲ್ಲ ಅರ್ಜಿ ನಮೂನೆಗಳಲ್ಲೂ ತಂದೆ ಅಥವಾ ಗಂಡನ ಹೆಸರು ಎಂಬ ಕಾಲಂ ಕಡ್ಡಾಯವಲ್ಲವೆಂದು ಆದೇಶವಾಗಲಿ.

13. ನಮ್ಮ ನಮ್ಮ ಮನೆಗೆ

ಈ ಒಂದು ಬೇಡಿಕೆ ವಿಧಾನಸೌಧಕ್ಕೆ ಸಂಬಂಧಿಸಿದ್ದಲ್ಲ. ಏಟು ತಿಂದು ರಾತ್ರಿ ಬಸ್ಸಿಗೆ ಬಂದ ಮಗಳನ್ನು ಬೆಳಿಗ್ಗೆ “ಹೊಂದ್ಕೊಂಡು ಹೋಗವ್ವ, ಎಲ್ಲರ ಮನೆ ದೋಸೆನೂ ತೂತೇ” ಎಂದು ಅದೇ ಬಸ್ಸಿಗೆ ಹತ್ತಿಸಿ ಕಳಿಸುವವರು ನಾವೇ. ನಾನೂ ಕಳಿಸಿದ್ದೇನೆ, ನನ್ನ ತಂಗಿಯನ್ನು. ಅವಳು ಬದುಕಿದ್ದಾಳೆ, ಅದು ನನ್ನ ಪುಣ್ಯ. ಎಡಗಿವಿ ಕೇಳಿಸುವುದಿಲ್ಲ. ಆ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅವಳು ಕಿಟಕಿಯಿಂದ ನನ್ನ ಕಡೆ ನೋಡದೆ ಮುಂದೆ ನೋಡುತ್ತ ಕೂತಿದ್ದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ತವರಿನಲ್ಲಿ ಮಗಳಿಗೊಂದು ಕೋಣೆ ಬೇಕು. ಹೆರಿಗೆಗೆ, ಹಬ್ಬಕ್ಕೆ ಮಾತ್ರವಲ್ಲ, ಯಾವತ್ತಿಗೂ. ಗಂಡು ನೋಡಲು ಬಂದಾಗ ಹೆಣ್ಣಿನ ಕಡೆಯವರು ಹೊಲ ಎಷ್ಟಿದೆ ಎಂದು ಕೇಳುವ ಜೊತೆಗೆ, ಸೊಸೆಯ ಹೆಸರನ್ನು ಎಂದು ಸೇರಿಸುತ್ತೀರಿ ಎಂದೂ ಕೇಳಬೇಕು. ಸರಳ ಮದುವೆಯೇ ಆಗಲಿ, ಮಂಟಪದ ಮದುವೆಯೇ ಆಗಲಿ, ನಾತಿಚರಾಮಿ ಅನ್ನಿಸುವಾಗ ಓಲಗ ನಿಲ್ಲಿಸಿ, ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿಸಬೇಕು. ಹೆಣ್ಣಿನ ಬಾಯಲ್ಲೂ ಹೇಳಿಸಬೇಕು.

ಈ ಪತ್ರಕ್ಕೆ ಲಿಖಿತ ಉತ್ತರ ಬೇಕು. ಯಾವ ಬೇಡಿಕೆ ಯಾವ ಇಲಾಖೆಗೆ ಹೋಯಿತು, ಯಾವ ತಾರೀಖಿನೊಳಗೆ ಏನಾಗುತ್ತದೆ ಎಂದು ಅದರಲ್ಲಿರಲಿ. ಸಹಿ ಬರುವವರು ಸಹಿ ಹಾಕಿದ್ದೇವೆ, ಬಾರದವರು ಹೆಬ್ಬೆಟ್ಟು ಒತ್ತಿದ್ದೇವೆ. ಕೊಡ ಹೊತ್ತು ತಂದವಳ ಸಹಿ ಮೊದಲನೆಯದು. ನಮ್ಮ ಹೆಸರುಗಳ ಮುಂದೆ ‘ಕೋಂ’ ಎಂದು ಹಾಕಿ ಗಂಡನ ಹೆಸರು ಬರೆದಿಲ್ಲ. ಕಚೇರಿಯವರು ದಯವಿಟ್ಟು ಅದನ್ನು ತಪ್ಪೆಂದು ತಿದ್ದಬಾರದು.